ಕೆನೆ ಯಾರ ಪಾಲು?

ರಾತ್ರಿ ಒಂಬತ್ತಕ್ಕೆ ಬೆಂಗಳೂರಿನ ರೂಮಿಗೆ ಬಂದು, ಒಂದು ಪ್ಯಾಕೆಟ್ ಕ್ರೀಮ್ ಪೂರ್ತಿ ಬಾಣಲೆಗೆ ಸುರಿದು ಪನೀರ್ ಮಾಡ್ಕೊಳ್ತೀನಿ. ಒಬ್ಬನೇ ಉಣ್ತೀನಿ. ದಣಿದ ಜೀವಕ್ಕೆ ಹಿತ ಅನಿಸುತ್ತೆ. ತಪ್ಪೇನಿಲ್ಲ.

ಬಸವಕಲ್ಯಾಣ ತಾಲ್ಲೂಕಿನ ಮುಡಬಿಯಲ್ಲಿರೋ ನಮ್ಮ ಮನೆಯಲ್ಲಿ ಮಾತ್ರ ಕೆನೆಗೆ ಲೆಕ್ಕ ಇತ್ತು. ಕಾಸಿದ ಹಾಲು ಆರಿದ ಮೇಲೆ ಅವ್ವ ಕೆನೆ ತೆಗೆದು ಕೂಡಿಡುತ್ತಿದ್ದಳು. ಅದು ಬೆಣ್ಣೆಯಾಗಿ, ತುಪ್ಪವಾಗಿ ಬೀಗರ ತಾಟಿಗೆ ಹೋಗಬೇಕು. ನಡುವೆ ಒಂದು ಚಮಚ ನನ್ನ ಬಿಸಿ ಜೋಳದ ರೊಟ್ಟಿಗೆ, ಮೇಲೆ ಸಕ್ಕರೆ. ನಿನಗೆ ಅಂದರೆ, "ನಂಗ ಸೇರಂಗಿಲ್ಲಪಾ, ನೀ ಉಣ್ಣು."

ಇದನ್ನ ತ್ಯಾಗ ಅಂತ ಹೊಗಳುತ್ತಲೇ ಬೆಳೆದೆ. 12ನೇ ಶತಮಾನದಲ್ಲಿ ಇದೇ ಕಲ್ಯಾಣದ ಶರಣರು ದಾಸೋಹ ಅಂದರು. ದುಡಿದದ್ದನ್ನು ಹಂಚಿ ಉಣ್ಣೋದು. ಹಾಗಾದರೆ ಆ ಪಂಕ್ತಿಯಲ್ಲಿ ಅಡುಗೆ ಮಾಡಿದವಳಿಗೂ ಜಾಗ ಬೇಡವೇ? ಒಬ್ಬರು ಸದಾ ಬಿಟ್ಟುಕೊಟ್ಟರೆ ಅದು ಹಂಚಿಕೆಯಲ್ಲ, ಉಳಿದವರ ಅನುಕೂಲ.

ಹೋದ ದೀಪಾವಳಿಗೆ ಊರಲ್ಲಿ ಅದೇ ಪನೀರ್ ಮಾಡಿದೆ. ಮೊದಲ ತಾಟು ಅವ್ವನಿಗೆ. ಬೇಡ ಬೇಡ ಅಂತಲೇ ಕುಂತಳು. ಕೊನೆಗೆ ತಾಟನ್ನ ಬೆರಳಿಂದ ಒರೆಸಿ ತಿಂದಳು.

ಸೇರಂಗಿಲ್ಲ ಅಂದದ್ದು ಸುಳ್ಳು. ನಂಬಿದರೆ ನನಗೇ ಲಾಭ ಇತ್ತು. ಅದಕ್ಕೇ ನಂಬಿದ್ದೆ.