ಕೆಲಸಕ್ಕೆ ಬಾರದ ನಾಯಿ

2019ರ ಆಗಸ್ಟ್‌ನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಉಕ್ಕಿದಾಗ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿಯ ನದಿತೀರದ ಜನ ಮಕ್ಕಳು, ದನಕರುಗಳೊಂದಿಗೆ ಊರು ಬಿಟ್ಟರು. ಎಷ್ಟೋ ನಾಯಿಗಳು ಹಿಂದೆಯೇ ಉಳಿದವು. ಹಾಲು ಕೊಡದ, ನೊಗ ಹೊರದ ಜೀವ ಆ ಗಡಿಬಿಡಿಯಲ್ಲಿ ಯಾರಿಗೆ ನೆನಪಾದೀತು?

ಹೀಗೆ ಯಾರಿಗೂ ಬೇಡವಾದ ನಾಯಿಗಳನ್ನೇ ಆಶ್ರಯಧಾಮಗಳಿಂದ ಆಯ್ದು, ಪಳಗಿಸಿ, ಅಗ್ನಿಶಾಮಕ ಸಿಬ್ಬಂದಿಯ ಜೊತೆಗೂಡಿಸುವ ಸಂಸ್ಥೆಯೊಂದನ್ನು ವಿಲ್ಮಾ ಮೆಲ್ವಿಲ್ ಎಂಬಾಕೆ 1996ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದರು. ಸುಮ್ಮನೆ ಕೂರದು, ಕಚ್ಚಿದ ಚೆಂಡು ಬಿಡದು ಎಂದು ಮನೆಯಿಂದ ಹೊರಬಿದ್ದ ನಾಯಿಯೇ ಕುಸಿದ ಕಟ್ಟಡದಡಿ ಸಿಲುಕಿದವರ ವಾಸನೆ ಹಿಡಿದು ಬೊಗಳುತ್ತದೆ.

ಕೇಳಲು ಸಂತೋಷವೇ. ಆದರೆ ತರಬೇತಿಯಲ್ಲಿ ಸೋತ ನಾಯಿ? ಅದನ್ನೂ ಆ ಸಂಸ್ಥೆ ಬದುಕಿರುವವರೆಗೆ ಕೈಬಿಡುವುದಿಲ್ಲ. ನನಗೆ ದೊಡ್ಡದಾಗಿ ಕಂಡದ್ದು ಇದೇ. ಬಾವಿಗಿಳಿದು, ಪಾದರಕ್ಷೆಯಲ್ಲಿ ನೀರು ತಂದು ನಾಯಿಯ ದಾಹ ತಣಿಸಿದವನನ್ನು ಅಲ್ಲಾಹನು ಕ್ಷಮಿಸಿದ ಕಥೆ ಹದೀಸಿನಲ್ಲಿದೆ. ಆ ನಾಯಿ ಅವನಿಗೆ ಯಾವ ಕೆಲಸವನ್ನೂ ಮಾಡಿಕೊಟ್ಟಿರಲಿಲ್ಲ.