ಪಕ್ಕದ ಸೀಟಿನವಳು

“ನಾನು ಸುಳ್ಳು ಹೇಳಿಲ್ಲ ಮಿಸ್, ಸುಮ್ನಿದ್ದೆ ಅಷ್ಟೆ.”

ಗೆಳತಿ ವಾರವಿಡೀ ಶಾಲೆ ತಪ್ಪಿಸುತ್ತಿದ್ದುದು ಗೊತ್ತಿದ್ದೂ ಹೇಳದ ಎಂಟನೇ ತರಗತಿಯ ಹುಡುಗಿಯ ಮಾತಿದು. ಬೈಯಲು ಬಾಯಿ ತೆರೆದವಳು ಹಾಗೆಯೇ ಕುಳಿತುಬಿಟ್ಟೆ. ನಮ್ಮ ಹಳೆಯ ಪದ್ಮಿನಿ ಕಾರಿನ ನೆನಪಾಯಿತು.

ಮಾವನವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದವರು. 1923ರಲ್ಲಿ ಮೊದಲ ಕಬ್ಬಿಣ ಕರಗಿಸಿದ ಕಾರ್ಖಾನೆ ಅದು. ಮೀಟರು ನೋಡಿ ಗಂಟೆಗಂಟೆಗೂ ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ನಿವೃತ್ತರಾದ ಮೇಲೆ ಕೊಂಡಿದ್ದ ಪ್ರೀಮಿಯರ್ ಪದ್ಮಿನಿಯನ್ನು ಶಿವಮೊಗ್ಗದಲ್ಲಿದ್ದ ನಮಗೆ ಕೊಟ್ಟಾಗ ಅವರು ಮೊದಲ ಪಾಠ ಹೇಳಿದ್ದು ಮಗನಿಗಲ್ಲ, ನನಗೆ. “ಓಡಿಸೋನ ಕಣ್ಣು ರಸ್ತೆ ಮೇಲಿರ್ಬೇಕು ಕಣಮ್ಮ. ಮುಳ್ಳು, ದೀಪ ನಿನ್ನ ಪಾಲು.”

ಮುಳ್ಳು ಎಂಜಿನ್ನಿನ ನೀರಿನ ಬಿಸಿ ತೋರಿಸುವುದು. ಅದು ಏರಿದರೆ ಮಾತ್ರವಲ್ಲ, ಇದ್ದಕ್ಕಿದ್ದಂತೆ ಇಳಿದರೂ ನಿಲ್ಲಿಸಬೇಕು ಎಂದಿದ್ದರು. ನೀರೆಲ್ಲ ಸೋರಿಹೋದರೆ ಅಳೆಯಲು ನೀರೇ ಇರುವುದಿಲ್ಲ, ಎಂಜಿನ್ ಸುಡುತ್ತಿದ್ದರೂ ಮುಳ್ಳು ತಣ್ಣಗೆ ಮಲಗಿರಬಹುದು. (ತರಗತಿಯಲ್ಲಿ ತೀರಾ ಸದ್ದಿಲ್ಲದ ಮಕ್ಕಳನ್ನು ಕಂಡಾಗ ನನಗೆ ಈ ಮುಳ್ಳು ನೆನಪಾಗುತ್ತದೆ.) ಕೆಂಪು ದೀಪ ಆಯಿಲ್ ಒತ್ತಡದ್ದು. ಕೀಲಿ ತಿರುಗಿಸಿದಾಗ ಹತ್ತಬೇಕು, ಎಂಜಿನ್ ಶುರುವಾದೊಡನೆ ಆರಬೇಕು. ಮೊದಲೇ ಹತ್ತದಿದ್ದರೆ ಬಲ್ಬು ಹೋಗಿರಬಹುದು. ಓಡುವಾಗ ಹತ್ತಿ ನಿಂತರೆ ಬೇರಿಂಗುಗಳಿಗೆ ಎಣ್ಣೆ ಸಿಗುತ್ತಿಲ್ಲವೆಂದು ತಿಳಿದು ಆ ಕ್ಷಣವೇ ಎಂಜಿನ್ ಆರಿಸಬೇಕು.

2001ರ ಮೇ ತಿಂಗಳು. ಭದ್ರಾವತಿಯಲ್ಲಿ ನೆಂಟರ ಮದುವೆ, ಹನ್ನೊಂದಕ್ಕೆ ಮುಹೂರ್ತ. ಹಿಂದಿನ ಸೀಟಿನಲ್ಲಿ ರೇಷ್ಮೆ ಸೀರೆಯ ಮೂವರು. ಹಿಂದಿನ ದಿನ ಮುಳ್ಳು ಸ್ವಲ್ಪ ಏರಿದ್ದಕ್ಕೆ “ರೀ, ನಿಲ್ಸಿ” ಎಂದಿದ್ದೆ. ಏನೂ ಆಗಿರಲಿಲ್ಲ. “ಇವಳಿಗೆ ಮೀಟರಿನ ಹುಚ್ಚು” ಎಂದು ಇವರು ನೆಂಟರೆದುರು ನಗಾಡಿದ್ದರು. ಅದು ನನ್ನೊಳಗೆ ಚುಚ್ಚುತ್ತಲೇ ಇತ್ತು.

ಮಾಚೇನಹಳ್ಳಿ ಹತ್ತಿರ ಎತ್ತಿನ ಗಾಡಿಯೊಂದು ಅಡ್ಡ ಬಂದು ಕಾರು ನಿಧಾನವಾದಾಗ ಕೆಂಪು ದೀಪ ಮಿಣುಕಿತು. ವೇಗ ಹೆಚ್ಚಿದಾಗ ಆರಿತು. ಮತ್ತೆ ಹತ್ತಿತು, ಹತ್ತಿಯೇ ಉಳಿಯಿತು. ಬೆಳಗಿನ ಬಿಸಿಲು ಎದುರಿಗಿತ್ತು, ಇವರಿಗೆ ಕಾಣಲಿಲ್ಲ. ನನಗೆ ಕಂಡಿತು. ಮತ್ತೆ ನಗುತ್ತಾರೆಂಬ ಅಂಜಿಕೆ ಒಂದು ಪಾಲು. ಇನ್ನೊಂದು ಪಾಲನ್ನು ಇಷ್ಟು ವರ್ಷ ನನಗೆ ನಾನೇ ಒಪ್ಪಿಕೊಂಡಿರಲಿಲ್ಲ. ಆಗಲಿ, ಒಂದು ಸಲ ಗೊತ್ತಾಗಲಿ ಇವರಿಗೆ, ಅಂದುಕೊಂಡಿದ್ದೆ.

ಒಂದೆರಡು ಮೈಲಿಯೊಳಗೆ ಕಟಕಟ ಸದ್ದು ಶುರುವಾಗಿ ಎಂಜಿನ್ ಹಿಡಿದುಕೊಂಡು ನಿಂತಿತು. ಮದುವೆಗೆ ಬಸ್ಸಿನಲ್ಲಿ ಹೋದೆವು, ಧಾರೆ ಮುಗಿದಿತ್ತು. ರಿಪೇರಿಗೆ ನನ್ನ ಎರಡು ತಿಂಗಳ ಸಂಬಳ ಹೋಯಿತು.

“ದೀಪ ಹತ್ತಲಿಲ್ವೇನಮ್ಮಾ?” ಎಂದು ಮಾವನವರು ಕೇಳಿದರು.

“ಇಲ್ಲ ಮಾವ.”

ಸುಮ್ಮನಿದ್ದದ್ದು ಸುಳ್ಳಾಗಲು ಅಷ್ಟೇ ಹೊತ್ತು ಸಾಕಾಯಿತು ನೋಡಿ. ಆ ಹುಡುಗಿಗೆ ಇನ್ನೂ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಅವಳಿಗೂ ನನಗೂ ಇದ್ದ ವ್ಯತ್ಯಾಸ ಬಹುಶಃ ಅಷ್ಟೇ. ಕಾರು ಅವರದೇ, ನಾನು ಪಕ್ಕದಲ್ಲಿ ಕೂತವಳು ಎಂದು ಎಷ್ಟೋ ಸಲ ವಾದಿಸಿಕೊಂಡಿದ್ದೇನೆ. ಆದರೆ ಆ ಸೀಟು ನನಗೆ ಬರೀ ಕೂರಲು ಕೊಟ್ಟಿದ್ದಲ್ಲವಲ್ಲ.

ಕಾರು ಮನೆಗೆ ಬಂದ ದಿನ ಮಾವನವರು ಕೀಲಿ ತಿರುಗಿಸಿ ಆ ದೀಪವನ್ನು ಒಂದು ಗಳಿಗೆ ನೋಡಿದರು. ಅದು ಕೆಂಪಗೆ ಉರಿಯುತ್ತಿತ್ತು. ನನ್ನ ಮುಖ ನೋಡಲಿಲ್ಲ. ಕೀಲಿ ತೆಗೆದು, ಆ ಬಲ್ಬು ಬಿಚ್ಚಿ ಹೊಸದು ಹಾಕಿದರು. “ಹಳೇ ಬಲ್ಬು, ನಂಬೋಕಾಗಲ್ಲ” ಎಂದು ಮಗನಿಗೆ ಹೇಳಿದರು. ಮೂವತ್ತು ವರ್ಷ ಕಂಡದ್ದನ್ನು ಕಂಡಂತೆಯೇ ಬರೆದ ಮನುಷ್ಯ. ಅವರು ಅಂದು ನುಂಗಿದ ಮಾತೂ ನಾನು ನುಂಗಿದ ಮಾತೂ ಒಂದೇ ಜಾತಿಯವೇ? ಅವರಿದ್ದಾಗ ಕೇಳುವ ಧೈರ್ಯ ಬರಲಿಲ್ಲ.

ಬಿಚ್ಚಿದ ಬಲ್ಬನ್ನು ಒಳಗೆ ಬಂದು ನನ್ನ ಕೈಗೆ ಕೊಟ್ಟರು. “ಇಟ್ಟಿರಮ್ಮ, ಇದು ಇನ್ನೂ ಉರಿಯತ್ತೆ.”