ಅವ್ವನ ಬಣ್ಣ

ತೀರಿಹೋದ ಹಿರಿಯರ ಭಾವಚಿತ್ರವನ್ನು ಪಡಸಾಲೆಯಲ್ಲಿ ತೂಗುಹಾಕುವುದು ನಮ್ಮಲ್ಲಿ ಅಲಂಕಾರಕ್ಕಾಗಿ ಅಲ್ಲ. ಅದಕ್ಕೆ ಕುಂಕುಮ ಹಚ್ಚುತ್ತೇವೆ, ಹಾರ ಹಾಕುತ್ತೇವೆ, ಹಬ್ಬದ ದಿನ ಮಕ್ಕಳಿಂದ ಕೈಮುಗಿಸುತ್ತೇವೆ. ಅಜ್ಜಿಯನ್ನು ಕಾಣದ ಮೊಮ್ಮಗುವಿಗೆ ಆ ಚೌಕಟ್ಟಿನೊಳಗಿನ ಮುಖವೇ ಅಜ್ಜಿ. ಹೀಗಿರುವಾಗ ಆ ಮುಖದ ಬಣ್ಣವನ್ನು ನಿರ್ಧರಿಸುವವರು ಯಾರು ಎಂಬುದು ಬರಿಯ ಕಸುಬಿನ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಶಿರಹಟ್ಟಿಯ ಒಂದು ಪರಿಚಯದ ಮನೆಯಲ್ಲಿ ಈ ಪ್ರಶ್ನೆ ಅಣ್ಣತಂಗಿಯರ ಜಗಳವಾಗಿ ಬಂದುದನ್ನು ಬಲ್ಲೆ. ತಾಯಿಯದೆಂದು ಉಳಿದದ್ದು ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಒಳ್ಳೆಯ ಚಿತ್ರ: ಕಪ್ಪು ಇಳಕಲ್ ಸೀರೆ, ಹೊಲದ ಬಿಸಿಲಿಗೆ ಬೆಂದ ಎಣ್ಣೆಗಪ್ಪು ಮುಖ, ಗದ್ದದ ಮೇಲೊಂದು ಹಚ್ಚೆ. ಹಿರಿಯ ಮಗ ಅದನ್ನು ಲ್ಯಾಬಿಗೆ ಕಳಿಸಿದ. ಹೊಳೆಯುವ ದೊಡ್ಡ ಚಿತ್ರ ಬಂತು. ಮುಖ ಗೋದಿಬಣ್ಣಕ್ಕೆ ತಿರುಗಿತ್ತು, ಹಚ್ಚೆ ಮಾಯವಾಗಿತ್ತು. "ಅಣ್ಣಾ, ಇಕಿ ನಮ್ಮವ್ವ ಅಲ್ಲ" ಎಂದಳು ತಂಗಿ. ಆಕೆ ಮನೆಯ ಪ್ರಿಂಟರಿನಲ್ಲೇ ತೆಗೆಸಿದ ಪ್ರತಿಯಲ್ಲಿ ಹಚ್ಚೆಯೂ ಇತ್ತು, ಬಣ್ಣವೂ ಇತ್ತು. ಆದರೆ ಕಿಟಕಿಯೆದುರು ತೂಗಿದ ಆ ಕಾಗದ ಎರಡು ಬೇಸಿಗೆ ಕಳೆಯುವುದರೊಳಗೆ ಮಂಕಾಯಿತು.

ಯಂತ್ರಗಳ ಸ್ವಭಾವವನ್ನು ಸ್ವಲ್ಪ ತಿಳಿಯದೆ ಇಲ್ಲಿ ತೀರ್ಪು ಕೊಡಲಾಗದು. ಲ್ಯಾಬಿನ ರೂಢಿಯ ಮುದ್ರಣದಲ್ಲಿ ಶಾಯಿಯೇ ಇಲ್ಲ. ಬೆಳ್ಳಿಯ ಲವಣ ಲೇಪಿಸಿದ ಕಾಗದದ ಮೇಲೆ ಕೆಂಪು, ಹಸಿರು, ನೀಲಿ ಲೇಸರ್ ಕಿರಣಗಳು ಚಿತ್ರವನ್ನು ಬರೆಯುತ್ತವೆ; ಆಮೇಲೆ ಕಾಗದ ರಸಾಯನಗಳಲ್ಲಿ ಮುಳುಗೆದ್ದು ಬರುತ್ತದೆ. ಬಣ್ಣ ಮೂಡಿದ ಮೇಲೆ ಬೆಳ್ಳಿಯೆಲ್ಲ ತೊಳೆದುಹೋಗುತ್ತದೆ. ಮನೆಯ ಯಂತ್ರವಾದರೋ ಕಣ್ಣಿಗೆ ಕಾಣದಷ್ಟು ಸಣ್ಣ ಶಾಯಿಹನಿಗಳನ್ನು ಕಾಗದಕ್ಕೆ ಸಿಡಿಸುತ್ತದೆ. ಅಗ್ಗದ ಶಾಯಿ ನೀರಿನಲ್ಲಿ ಕರಗಿದ ಬಣ್ಣ. ಬೆಳಕು, ಗಾಳಿ ತಾಕಿದರೆ ಬೇಗ ಮಾಸುತ್ತದೆ. ಸೂಕ್ಷ್ಮ ಕಣಗಳ ಶಾಯಿಯನ್ನು ತಕ್ಕ ಕಾಗದದ ಮೇಲೆ ಬಳಸಿದರೆ ಲ್ಯಾಬಿನ ಚಿತ್ರಕ್ಕಿಂತಲೂ ಹೆಚ್ಚು ಬಾಳಬಹುದು. ಈಗ ಕೆಲವು ಲ್ಯಾಬುಗಳೂ ಶಾಯಿಗೆ ಹೊರಳಿವೆ. ಆದುದರಿಂದ ಲ್ಯಾಬು ಮೇಲು, ಮನೆ ಕೀಳು ಎಂಬ ಮಾತು ಪೂರ್ತಿ ನಿಜವಲ್ಲ.

ನಿಜವಾದ ತೊಡಕು ತಿದ್ದುಪಡಿಯಲ್ಲಿದೆ. ಲ್ಯಾಬಿನ ಯಂತ್ರಕ್ಕೆ ಸರಾಸರಿಯ ಮೇಲೆ ಬಲು ನಂಬಿಕೆ. ಕಪ್ಪು ಸೀರೆ, ಕಪ್ಪು ಮುಖ ಕಂಡರೆ ಬೆಳಕು ಸಾಲದೆಂದು ಬಗೆದು ಎಲ್ಲವನ್ನೂ ಬೆಳಗಿಸಿಬಿಡುತ್ತದೆ. ಈ ಬಗೆಯ ಪಕ್ಷಪಾತಕ್ಕೆ ಇತಿಹಾಸವೂ ಉಂಟು. ಫಿಲ್ಮಿನ ಕಾಲದಲ್ಲಿ ಕೊಡಕ್ ಕಂಪನಿ ಲ್ಯಾಬುಗಳಿಗೆ 'ಶರ್ಲಿ ಕಾರ್ಡ್' ಎಂಬ ಮಾದರಿ ಚಿತ್ರವನ್ನು ಕೊಡುತ್ತಿತ್ತು. ಅದರಲ್ಲಿದ್ದವಳು ಬಿಳಿಯ ಹೆಂಗಸು. ಅವಳ ಚರ್ಮ ಸರಿಯಾಗಿ ಬಂದರೆ ಯಂತ್ರ ಸರಿಯಾಗಿದೆ ಎಂದು ಲೆಕ್ಕ. ನಾನಾ ಬಣ್ಣದ ಮುಖಗಳಿದ್ದ ಕಾರ್ಡು ಬಂದದ್ದು 1990ರ ದಶಕದಲ್ಲಿ. ಯಾವಳೋ ಕಾಣದ ಶರ್ಲಿ ಲೋಕದ ಕರಿಯ ತಾಯಂದಿರಿಗೆಲ್ಲ ಅಳತೆಗೋಲಾಗಿದ್ದಳು!

ಲ್ಯಾಬಿನವನನ್ನೊಬ್ಬನನ್ನೇ ಬಯ್ಯುವುದು ಅನ್ಯಾಯ. "ಎಲ್ಲಾರೂ ಬೆಳ್ಳಗ ಮಾಡ್ರಿ ಅಂತಾರ್ರೀ ಸರ್" ಎಂಬ ಅವನ ಉತ್ತರ ಸುಳ್ಳಲ್ಲ. ಹಳೆಯ ಸ್ಟುಡಿಯೋಗಳಲ್ಲೂ ನೆಗೆಟಿವಿನ ಮೇಲೆ ಪೆನ್ಸಿಲಿನಿಂದ ಮುಖದ ಸುಕ್ಕು ಅಳಿಸುತ್ತಿದ್ದರು. ಆದರೆ ಆಗ ಕುಳಿತವರು ಬದುಕಿದ್ದರು. ತಮಗೆ ಬೇಕಾದಂತೆ ಕಾಣಿಸಿಕೊಳ್ಳುವ ಅಧಿಕಾರ ಅವರಿಗಿತ್ತು. ಸತ್ತವರಿಗೆ ಆ ಅಧಿಕಾರವಿಲ್ಲ, ಆಕ್ಷೇಪಿಸುವ ಬಾಯಿಯೂ ಇಲ್ಲ.

ಯಾವ ಮುದ್ರಣವೂ ನಿಜವಲ್ಲ, ಪರದೆಯ ಮೇಲಿನ ಬಣ್ಣ ತಾನೇ ನಿಜವೇ ಎಂದು ಜಾಣರು ಕೇಳುವುದುಂಟು. ಪರದೆ ತಾನೇ ಬೆಳಗುತ್ತದೆ, ಕಾಗದ ಬಿದ್ದ ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ. ಎರಡೂ ಒಂದಾಗುವಂತಿಲ್ಲ, ಒಪ್ಪಿದೆ. ಹಸ್ತಪ್ರತಿಗಳೊಡನೆ ಹೆಣಗುವವರಿಗೆ ಈ ವಾದ ಹೊಸದಲ್ಲ. ಯಾವ ಓಲೆಗರಿಯೂ ಕವಿಯ ಬಾಯ ಮಾತೇ ಅಲ್ಲ. ಆದರೂ ಕಣ್ತಪ್ಪಿ ಅಕ್ಷರ ಬಿಟ್ಟ ಲಿಪಿಕಾರನನ್ನು ಕ್ಷಮಿಸುತ್ತೇವೆ. ಕವಿಗಿಂತ ಚೆನ್ನಾಗಿರಲೆಂದು ಪದವನ್ನೇ ಬದಲಿಸಿದವನಿಗೆ ಅಂಜುತ್ತೇವೆ. ಮೊದಲನೆಯವನ ತಪ್ಪು ತಪ್ಪಾಗಿಯೇ ಕಾಣುತ್ತದೆ, ಎರಡನೆಯವನದು ಪಾಠವಾಗಿ ಕುಳಿತುಬಿಡುತ್ತದೆ. ಮಾಸಿದ ಚಿತ್ರ ತಾನು ಮಾಸಿದೆನೆಂದು ಹೇಳಿಕೊಳ್ಳುತ್ತದೆ. ಬಿಳಿಚಿದ ಚಿತ್ರ ಹೇಳುವುದಿಲ್ಲ. ನನಗೆ ತಂಗಿಯ ಮಂಕು ಕಾಗದವೇ ಹೆಚ್ಚು ಪ್ರಾಮಾಣಿಕವಾಗಿ ತೋರುತ್ತದೆ.

ಆದರೂ ಬಾಳಿಕೆಯನ್ನು ಬಿಟ್ಟುಕೊಡಬೇಕೆಂದಿಲ್ಲ. ಗದಗ-ಬೆಟಗೇರಿ ಮುದ್ರಣಾಲಯಗಳಿಗೆ ಹೆಸರಾದ ಊರು. ಕರಡು ತಿದ್ದುವವನು ಮೂಲಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ತಿದ್ದುತ್ತಾನೆ. ಇಲ್ಲಿ ಮೂಲಪ್ರತಿ ಮಣ್ಣು ಸೇರಿದೆ. ಉಳಿದಿರುವುದು ಕಂಡವರ ಕಣ್ಣು. ಆದುದರಿಂದ ಲ್ಯಾಬಿಗೆ ಚಿತ್ರವನ್ನಷ್ಟೇ ಕಳಿಸದೆ, ಆಕೆಯನ್ನು ಬಲ್ಲ ಒಬ್ಬರು ಹೋಗಬೇಕು; ತಿದ್ದಬೇಡಿರೆಂದು ಬಾಯಿಬಿಟ್ಟು ಹೇಳಬೇಕು; ಮೊದಲು ಸಣ್ಣ ಪ್ರತಿ ತೆಗೆಸಿ ಹೊರಗಿನ ಹಗಲು ಬೆಳಕಿನಲ್ಲಿ ಹಿಡಿದು ನೋಡಬೇಕು, ಬೇಕಾದರೆ ಇನ್ನೊಂದು ತೆಗೆಸಬೇಕು. ಮದುವೆಯ ಹಂಗಾಮಿನಲ್ಲಿ ಇಷ್ಟು ಹೊತ್ತು ನಿಂತರೆ ಅಂಗಡಿಯವನು ಮುಖ ಸಿಂಡರಿಸಬಹುದು.